ರಕ್ತ ಕುಡಿಯುವ ದೊರೆಗೆ ಯಾರು ಹೂಂ ಅನ್ನಬೇಕು?

ಹನೂರಿನ ಕುಸುಮನಿಗೆ ರಮ್ಯಳನ್ನು ಕಂಡರೆ ಆಗುತ್ತಿರಲಿಲ್ಲ. ಸುಮ್ಮಸುಮ್ಮನೆ ಆಗದಿರುವುದಲ್ಲ; ಮಧುವನಹಳ್ಳಿ ಸ್ಟಾಪಿನಲ್ಲಿ ಆ ಹುಡುಗಿ ಛತ್ರಿ ಮಡಿಚಿಕೊಂಡು ವ್ಯಾನು ಹತ್ತಿದಳೆಂದರೆ ಸಾಕು, ಕುಸುಮನ ಹೊಟ್ಟೆಯೊಳಗೆ ಯಾರೋ ಹಸಿ ಸೌದೆಗೆ ಬೆಂಕಿ ಹಚ್ಚಿದ ಹಾಗೆ ಹೊಗೆ ಏಳುತ್ತಿತ್ತು. ಹೊಟ್ಟೆಕಿಚ್ಚು ಅಂತ ನಮ್ಮ ಹಿರಿಯರು ಅದಕ್ಕೆ ಹೆಸರಿಟ್ಟಿದ್ದು ಸುಳ್ಳಲ್ಲ ನೋಡಿ. ಎದೆಕಿಚ್ಚು ಅನ್ನಲಿಲ್ಲ, ತಲೆಕಿಚ್ಚು ಅನ್ನಲಿಲ್ಲ. ಅದು ಉರಿಯುವುದು ಹೊಟ್ಟೆಯಲ್ಲೇ.

ರಮ್ಯ ಮಾಡಿದ ತಪ್ಪಾದರೂ ಏನು ಅಂತೀರಾ? ಅವಳು ನಿಜ ಹೇಳಿದ್ದಳು.

ಮಾಂಬಳ್ಳಿಯ ಆಚೆ ಒಂದು ಗಾರ್ಮೆಂಟ್ಸ್ ಇದೆ. ಅಲ್ಲಿಗೆ ಕೆಲಸಕ್ಕೆ ಹೋಗುವ ಹೆಂಗಸರನ್ನು ತುಂಬಿಕೊಂಡು ಬೆಳಿಗ್ಗೆ ಹನೂರಿನಿಂದ ಒಂದು ವ್ಯಾನು ಹೊರಡುತ್ತದೆ. ಕಾಮಗೆರೆ, ಮಧುವನಹಳ್ಳಿ, ಕೊಳ್ಳೇಗಾಲ ದಾಟಿ ಯಳಂದೂರು ರಸ್ತೆ ಹಿಡಿಯುವ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಕುಸುಮ ಅಲ್ಲಿ ಶರ್ಟಿಗೆ ಕಾಲರ್ ಹೊಲಿಯುತ್ತಾಳೆ. ಮದುವೆಯಾಗುವ ಮುಂಚೆ ಪಿಯುಸಿವರೆಗೆ ಓದಿದ್ದಳು. ಇಂಗ್ಲಿಷನ್ನು ಬೆರಳಿಟ್ಟುಕೊಂಡು ಓದಬಲ್ಲಳು. ಮಗಳು ಯಳಂದೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅವಳು ಹೊಸ ಮೊಬೈಲು ಕೊಂಡಾಗ ಹಳೆಯದನ್ನು ಅಮ್ಮನ ಕೈಗೆ ಹಾಕಿದಳು. ಅದರೊಳಗೇ ಇದ್ದ ಆ ದೊರೆ.

ದೊರೆ ಅಂದರೆ ವ್ಯಾಂಪೈರು. ಹಿಮ ಬೀಳುವ ಬೆಟ್ಟದ ಮೇಲೆ ಹಾಳು ಕೋಟೆಯೊಂದರಲ್ಲಿ ಒಬ್ಬನೇ ಇರುವ, ಸಾಯದ, ರಕ್ತ ಕುಡಿದು ಬದುಕುವ ಸುಂದರ ಗಂಡಸು. ಕೋಟೆಗೆ ದೀಪ ಹಚ್ಚಲು ಕೆಳಗಿನ ಊರಿಂದ ಬರುವ ಬಡ ಹುಡುಗಿ ಐರಿನಾ. ಚಿತ್ರ ಬರೆದು ಬರೆದು ಹೇಳುವ ಕಥೆ ಅದು, ವೆಬ್ ಕಾಮಿಕ್ಕು ಅನ್ನುತ್ತಾರೆ. ಗುರುವಾರಕ್ಕೊಂದು ಕಂತು ಮೊಬೈಲಿಗೆ ಬರುತ್ತದೆ. ಉಳಿದವರೆಲ್ಲ ಅದರಲ್ಲಿ ಇಂಗ್ಲಿಷ್ ಆಡುತ್ತಾರೆ. ದೊರೆ ಮಾತ್ರ ಮನಸ್ಸು ತಡೆಯಲಾರದಾಗ ತನ್ನ ಹುಟ್ಟುಭಾಷೆಗೆ ಹೊರಳುತ್ತಾನೆ. ಹಂಗೇರಿಯ ಭಾಷೆಯಂತೆ. ಬರೆದವರು ಅದರ ಅರ್ಥ ಕೊಡುವುದಿಲ್ಲ. ಐರಿನಾಳಿಗೂ ತಿಳಿಯುವುದಿಲ್ಲ, ಓದುವವರಿಗೂ ತಿಳಿಯುವುದಿಲ್ಲ, ತಿಳಿಯದೆ ಒದ್ದಾಡಲಿ ಅಂತಲೇ ಆ ಏರ್ಪಾಡು.

ಕುಸುಮ ಮೊದಲು ಈ ಕಥೆ ಹೇಳಿದ್ದು ಹೊತ್ತು ಕಳೆಯಲು, ಪಕ್ಕದಲ್ಲಿ ಕೂತ ದೊಡ್ಡಬಸಮ್ಮನಿಗೆ. ಕಾಮಗೆರೆಯ ದೊಡ್ಡಬಸಮ್ಮ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಮುದುಕಿ. ಹುಟ್ಟಿದ ಮನೆಯಲ್ಲಿ ರಾತ್ರಿಯೆಲ್ಲ ಮಾದಪ್ಪನ ಕಥೆ ಕೇಳಿ ಬೆಳೆದವಳು. ಕಥೆಗೆ ಹೂಂಗುಟ್ಟುವುದು ಹೇಗೆಂದು ಅವಳಿಂದ ಕಲಿಯಬೇಕು. ಬರೀ ತಲೆ ಆಡಿಸುವುದಲ್ಲ. "ಊಂ," ಅನ್ನುತ್ತಿದ್ದಳು. "ಊಂ ಕಣವ್ವಾ, ಆಮ್ಯಾಕೆ?" ಅನ್ನುತ್ತಿದ್ದಳು. ಕಥೆಯಲ್ಲಿ ಚಳಿಯಾದರೆ ಅವಳ ಹೂಂ ನಡುಗುತ್ತಿತ್ತು. ಅಂಥ ಹೂಂ ಬಿದ್ದರೆ ಮೂಕನೂ ಕಥೆ ಹೇಳಿಯಾನು. ಹೂಂ ಇಲ್ಲದೆ ಹೇಳಿದ ಕಥೆ ಗೋಡೆಗೆ ಹೇಳಿದ ಹಾಗೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು.

ಆ ಹೂಂ ಕೇಳಿ ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿದರು, ಹಿಂದಿನವರು ಮುಂದಕ್ಕೆ ಬಾಗಿದರು. ನೋಡನೋಡುತ್ತ ಇಡೀ ವ್ಯಾನು ದೊರೆಯ ಅಭಿಮಾನಿ ಸಂಘವಾಯಿತು. ಡ್ರೈವರ್ ಮಾದಸ್ವಾಮಿ ಹಾಡು ಹಾಕುವುದನ್ನೇ ಬಿಟ್ಟ. "ಅಗಲೊತ್ನಲ್ಲಿ ಕಥೆ ಏಳುದ್ರೆ ಸ್ವಾದರಮಾವ ದಾರಿ ತಪ್ತಾನಂತೆ ಕಣ್ರವ್ವಾ. ನಿಮ್ಮಾವ ನಾನೇ ಅಂದ್ಕಳಿ. ಕೊಳ್ಳೇಗಾಲಕ್ಕೋಗೋ ಗಾಡಿ ಕೋಟೆಗೋಗ್ಬುಟ್ರೆ ನನ್ ಕೇಳ್ಬ್ಯಾಡಿ," ಎಂದು ರೇಗಿಸುತ್ತಿದ್ದ.

ಹಂಗೇರಿಯ ಮಾತು ಬಂದ ಕಡೆ ಕುಸುಮ ಏನು ಮಾಡುತ್ತಿದ್ದಳು? ತನ್ನ ಮಾತು ಹಾಕುತ್ತಿದ್ದಳು! ಮೊಟ್ಟಮೊದಲ ಕಂತಿನಲ್ಲೇ ದೊರೆ ಐರಿನಾಳ ಮುಖವನ್ನು ದಿಟ್ಟಿಸಿ ಎರಡು ಪದ ಆಡುತ್ತಾನೆ. 'ಎಹೆಸ್ ವಾಗ್ಯೋಕ್' ಅಂತ ಅಕ್ಷರ ಕೂಡಿಸಿ ಓದಿದಳು ಕುಸುಮ. ಎಲ್ಲರೂ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಕಾಯಿಸಿ ಕಾಯಿಸಿ ಹೇಳಿದಳು: "ಉಂಡ್ಯಾ, ಅಂದ."

ವ್ಯಾನು ಕರಗಿ ನೀರಾಯಿತು. ನಮ್ಮ ನಮ್ಮ ಗಂಡಂದಿರು ಎಂದಾದರೂ ಕೇಳಿದ್ದಾರಾ, ಉಂಡ್ಯಾ ಅಂತ? ರಕ್ತ ಕುಡಿಯುವವನಿಗಿರುವ ಕರುಳು ರಾಗಿಮುದ್ದೆ ಉಣ್ಣುವವರಿಗಿಲ್ಲವಲ್ಲ ಎಂದು ಪುಷ್ಪ ಕಣ್ಣೊರೆಸಿಕೊಂಡಳು. ಪುಷ್ಪ ಬಟನ್ ಸೆಕ್ಷನ್ನಿನವಳು, ದೊರೆಯ ಕಡೆಯವಳು. ಇನ್ನೊಂದು ಪಂಗಡ ಸೌಮ್ಯಳದು. "ಪ್ರೀತಿಯೂ ಇಲ್ಲ ಗೀತಿಯೂ ಇಲ್ಲ. ಮಾರಿಹಬ್ಬಕ್ ಬುಟ್ಟ ಮರಿಗೆ ಸೊಪ್ಪಾಕ್ದಂಗೆ ಸಾಕ್ತಾವ್ನೆ ಅಷ್ಟೇಯ. ಕೊಬ್ಬುದ್ ಮ್ಯಾಲೆ ಕುತ್ಗೆಗ್ ಬಾಯಾಕ್ತನೆ ನೋಡ್ತಿರು," ಅನ್ನುತ್ತಿದ್ದಳು ಅವಳು. ಕುಡಿಯುತ್ತಾನೋ ಪ್ರೀತಿಸುತ್ತಾನೋ ಅಂತ ಊಟದ ಹೊತ್ತಿನಲ್ಲೂ ಜಗಳ. ತೀರ್ಪಿಗೆ ಎಲ್ಲರೂ ಕುಸುಮನ ಮುಖ ನೋಡುತ್ತಿದ್ದರು. ಅವಳಿಗೆ ಕಿಟಕಿ ಪಕ್ಕದ ಸೀಟು ಮೀಸಲು. ಯಾರ ಮನೆಯಲ್ಲಿ ಒಬ್ಬಟ್ಟಾದರೂ ಮೊದಲ ಪಾಲು ಅವಳ ಡಬ್ಬಿಗೆ.

ಮನೆಯಲ್ಲಿ ಏನಿತ್ತು ಅವಳಿಗೆ? ಗಂಡ ಶಿವರಾಜು ಒಳ್ಳೆಯವನೇ, ಹೊಡೆದವನಲ್ಲ ಬಡಿದವನಲ್ಲ. ಆದರೆ ಟಿವಿ ನೋಡುತ್ತ ಉಂಡು, ಟಿವಿ ನೋಡುತ್ತಲೇ ಕೈ ತೊಳೆಯುವ ಗಂಡಸು. ಇವಳು ಏನಾದರೂ ಹೇಳಹೊರಟರೆ ಸೌಂಡು ಜಾಸ್ತಿ ಮಾಡುತ್ತಿದ್ದ. ಅತ್ತೆ ಪುಟ್ಟಬಸಮ್ಮ, "ಅದೇನ್ ವಟವಟ ಅಂದೀಯೇ, ಬಾಯ್ಗೊಂದ್ ಬೀಗ ಆಕ್ಕೋ" ಎಂದುಬಿಡುತ್ತಿದ್ದಳು. ಮದುವೆಯಾಗಿ ಬಂದಾಗಿನಿಂದ ಕುಸುಮನ ಮಾತಿಗೆ ಆ ಮನೆಯಲ್ಲಿ ಒಂದು ಹೂಂ ಬಿದ್ದಿರಲಿಲ್ಲ. ಬಿದ್ದದ್ದು ಆ ವ್ಯಾನಿನಲ್ಲಿ ಮಾತ್ರ, ಕಾಮಗೆರೆ ದಾಟಿದ ಮೇಲೆ.

ಅಂಥ ವ್ಯಾನಿಗೆ ರಮ್ಯ ಹತ್ತಿದಳು. ಡಿಗ್ರಿ ಮುಗಿಸಿ ಕ್ವಾಲಿಟಿ ಚೆಕಿಂಗಿಗೆ ಸೇರಿದ ಮಧುವನಹಳ್ಳಿ ಹುಡುಗಿ. ಕುಸುಮನ ಮೊಬೈಲಿನಲ್ಲಿ ಕೋಟೆಯ ಚಿತ್ರ ಕಂಡದ್ದೇ ತಡ, "ಅಯ್ಯೋ ಅಕ್ಕಾ, ನೀವೂ ಓದ್ತೀರಾ ಇದ್ನ? ನಂಗೆ ಪ್ರಾಣ!" ಎಂದು ಕುಣಿದಳು. ನಿಜ ಹೇಳಬೇಕೆಂದರೆ ಕುಸುಮನಿಗೂ ಖುಷಿಯಾಯಿತು. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಆ ಜಾಗ ಕೊಟ್ಟದ್ದಕ್ಕೆ ಆಮೇಲೆ ತನ್ನನ್ನೇ ಎಷ್ಟು ಶಪಿಸಿಕೊಂಡಳೋ.

"ಅದೇ ಕಣಮ್ಮಾ, ಉಂಡ್ಯಾ ಅಂತಾನಲ್ಲ ದೊರೆ," ಎಂದು ಪುಷ್ಪ ಹಿಂದಿನ ಕಂತುಗಳ ಸವಿ ನೆನೆದಳು.

ರಮ್ಯ ಹುಬ್ಬು ಗಂಟಿಕ್ಕಿದಳು. "ಉಂಡ್ಯಾ ಅಂತನಾ? ಎಲ್ಲಿ? ಓ, ಅದಾ! ಇಲ್ಲಕ್ಕಾ, ಅದು 'ನಂಗೆ ಹಸಿವು' ಅಂತ. ಕೆಳಗಡೆ ಕಾಮೆಂಟಲ್ಲಿ ಹಂಗೇರಿಯೋರೇ ಬರ್ದವ್ರಲ್ಲ. ಫೋನ್‌ಗೆ ತೋರಿಸಿದ್ರೂ ಹೇಳ್ತದೆ." ಮೊಬೈಲು ಎತ್ತಿ ತೋರಿಸಿಯೂಬಿಟ್ಟಳು.

ಆಮೇಲೆ ಸೌಮ್ಯ ನಗಲು ಶುರುಮಾಡಿದಳು ನೋಡಿ, ಸೀಟು ಹಿಡಿದುಕೊಂಡು ನಕ್ಕಳು. "ಅವ್ನು ಅಸಿವು ಅಂದ್ರೆ ನಮ್ ಕುಸುಮಕ್ಕ ಉಂಡ್ಯಾ ಅನ್ಸವ್ಳೆ! ನಾ ಬಡ್ಕತಿರ್ಲಿಲ್ವಾ, ಕುತ್ಗೆ ಮ್ಯಾಲೇ ಕಣ್ಣು ಅಂತ!" ಇಡೀ ವ್ಯಾನು ನಕ್ಕಿತು. ಪುಷ್ಪನೂ ನಕ್ಕಳು. ಕುಸುಮನೂ ನಕ್ಕಳು, ನಗದೆ ಇನ್ನೇನು ಮಾಡಿಯಾಳು? ಮುಖ ಮಾತ್ರ ಸುಟ್ಟ ಬದನೆಕಾಯಿ ಆಗಿತ್ತು.

ರಮ್ಯ ಬೇಕೆಂದು ಮಾಡಿದ್ದಲ್ಲ. ಅದೇ ಕುಸುಮನಿಗೆ ಹೆಚ್ಚು ಉರಿ. ಬೇಕೆಂದು ಮಾಡಿದ್ದರೆ ಬೈದು ಸುಮ್ಮನಾಗಬಹುದಿತ್ತು. ಮಾರನೆಯ ದಿನದಿಂದ ಹಳೆಯ ಕಂತುಗಳದ್ದೆಲ್ಲ 'ಅಸಲಿ ಅರ್ಥ' ಬೇಕು ಅಂತ ಎಲ್ಲರೂ ರಮ್ಯಳಿಗೆ ದುಂಬಾಲು ಬಿದ್ದರು. 'ಸೆರಗು ಒದ್ಕೊ, ಚಳಿ ಅದೆ' ಎಂದು ಕುಸುಮ ಹೇಳಿದ್ದ ಕಡೆ ಬರೀ 'ಹೆದರಬೇಡ' ಅಂತ ಇತ್ತಂತೆ. ಓದಿದ್ದನ್ನು ಓದಿದ ಹಾಗೆ ಹೇಳುತ್ತಿದ್ದಳು ಹುಡುಗಿ, ಅಂಗಡಿಯವನು ಪೊಟ್ಟಣ ಕಟ್ಟಿಕೊಟ್ಟಂತೆ. ಕಾಯಿಸಲು ಬರದು, ನಿಲ್ಲಿಸಲು ಬರದು. ಆದರೂ ಜನ ಅವಳ ಸುತ್ತ! ಮತ್ತೆ ಅಲ್ಲಿಂದ ಕೇಳಿಸಿತು ಆ ದನಿ: "ಊಂ ಕಣವ್ವಾ, ಆಮ್ಯಾಕೆ?"

ದೊಡ್ಡಬಸಮ್ಮ. ರಮ್ಯಳಿಗೆ ಹೂಂ ಅನ್ನುತ್ತಿದ್ದಾಳೆ.

ಕುಸುಮ ಕಿಟಕಿಯಾಚೆ ನೋಡುತ್ತ ಕೂತಳು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡು ಬಂತು, ಹೋಯಿತು, ಅವಳಿಗೆ ಕಾಣಲಿಲ್ಲ. ಆ ದಿನ ಹೊಲಿದ ಕಾಲರುಗಳೆಲ್ಲ ಸೊಟ್ಟ. ಸಂಜೆ ಕಾಮಗೆರೆಯಲ್ಲಿ ಇಳಿಯುವಾಗ ಮುದುಕಿಯ ಸೆರಗು ಜಗ್ಗಿ ಕೇಳಿಯೇಬಿಟ್ಟಳು: "ಅವ್ಳಿಗೂ ಊಂ ಅಂದ್ಯಲ್ಲವ್ವಾ? ನಿಂಗೆ ಮನ್ಸಾದ್ರೂ ಎಂಗ್ ಬಂತು?"

"ನಾ ಕಥೆಗ್ ಊಂ ಅನ್ನೋಳು ಕಣ್ಮಗಾ. ನಿಂಗೂ ಅಲ್ಲ, ಅವ್ಳಿಗೂ ಅಲ್ಲ," ಎಂದು ಮುದುಕಿ ಇಳಿದು ಹೋದಳು. ಸಮಾಧಾನ ಹೇಳಿದ್ದಾದರೂ ಕುಸುಮನಿಗೆ ಅದು ಉರಿಯುವ ಬೆಂಕಿಗೆ ತುಪ್ಪ.

ಅಷ್ಟರಲ್ಲಿ ಮೊಮ್ಮಗಳ ಬಾಣಂತನ ಅಂತ ದೊಡ್ಡಬಸಮ್ಮ ರಜೆ ಹಾಕಿ ಧನಗೆರೆಗೆ ಹೋದಳು. ಕುಸುಮನಿಗೆ ಸಮಯ ಸಿಕ್ಕಿತು. ಪುಷ್ಪ, ಸೌಮ್ಯ ಮತ್ತಿತರರು ಕೈ ತೊಳೆಯಲು ನಲ್ಲಿ ಹತ್ತಿರ ನಿಂತಿದ್ದಾಗ ಮೆಲ್ಲಗೆ ಶುರುವಿಟ್ಟಳು. "ದೆವ್ವ ಕೂಗುದ್ರೆ ಓಗೊಡಬಾರ್ದು ಅಂತ ನಿಮ್ಮವ್ವದೀರು ಏಳ್ಕೊಟ್ಟಿಲ್ವಾ? ನಾನು ಏಳ್ತಿದ್ದಾಗ ಅದು ನನ್ ಮಾತು, ನೀವು ಊಂ ಅಂದಿದ್ದು ನಂಗೆ. ಈಗ ಆ ಉಡ್ಗಿ ಏಳ್ತಿರದು ಅವನ ಸ್ವಂತ ಮಾತು. ರಕ್ತ ಕುಡ್ಯೋನು ನಂಗಸಿವು ಅಂತಾನೆ, ನೀವು ಊಂ ಅಂತೀರಿ. ಓಗೊಟ್ಟಂಗಾಯ್ತಾ ಇಲ್ವಾ? ಕಥೇಲೂ ಅಂಗೇ ಅಲ್ವಾ, ಕರೀದೆ ಅವ್ನು ಒಸ್ಲು ದಾಟಕಿಲ್ಲ. ನಂಗೇನ್ ಬುಡಿ, ಮಕ್ಳೊಂದಿಗರು ನೀವು."

ಪುಷ್ಪ ನಕ್ಕಳು. ನಕ್ಕವಳು ನಡುವೆ ನಿಲ್ಲಿಸಿದಳು. ನಂಬಿದರು ಅಂತ ಹೇಳಲಾರೆ. ಆದರೆ ಮಕ್ಕಳ ಹೆಸರು ಎತ್ತಿದ ಮೇಲೆ ನಂಬದೆ ಇರಲು ಯಾರಿಗೆ ಧೈರ್ಯ ಬರುತ್ತದೆ?

ಗುರುವಾರ ಹೊಸ ಕಂತು. ರಮ್ಯ ಕಣ್ಣರಳಿಸಿಕೊಂಡು ಹೇಳತೊಡಗಿದಳು: ದೊರೆ ಕೋಟೆಯ ಮೆಟ್ಟಿಲಿಳಿದು ಬಂದ... ಹೂಂ ಇಲ್ಲ. ಐರಿನಾ ಕಂದೀಲು ಕೆಳಗಿಟ್ಟಳು... ಹೂಂ ಇಲ್ಲ. ಸೌಮ್ಯ ಉಗುರು ನೋಡಿಕೊಂಡಳು, ಪುಷ್ಪ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಹುಡುಗಿಯ ದನಿ ತೆಳ್ಳಗಾಗುತ್ತ ಆಗುತ್ತ ಕೊಳ್ಳೇಗಾಲ ಬರುವ ಮೊದಲೇ ನಿಂತುಹೋಯಿತು. ಕುಸುಮನ ಹೊಟ್ಟೆ ತಣ್ಣಗಾಯಿತು. ಮಜ್ಜಿಗೆ ಕುಡಿದಷ್ಟು ತಣ್ಣಗೆ.

ಮಧ್ಯಾಹ್ನ ರಮ್ಯ ಅವಳ ಹತ್ತಿರವೇ ಬಂದಳು. ಪಾಪ, ಯಾರ ಹತ್ತಿರ ಬರುತ್ತಿದ್ದೇನೆಂದು ಗೊತ್ತಿರಲಿಲ್ಲ. "ಅಕ್ಕಾ, ನಾನ್ ಒಂದಕ್ಷರ ತಪ್ ಹೇಳಿಲ್ಲ. ಇದ್ದಿದ್ ಇದ್ದಂಗೇ ಹೇಳ್ದೆ. ಮತ್ಯಾಕ್ ಯಾರ್ಗೂ ಬ್ಯಾಡ?"

"ಇದ್ದಿದ್ ಇದ್ದಂಗೆ ಕೇಳಕ್ಕೆ ಯಾರವ್ವಾ ಬತ್ತಾರೆ? ಅದು ಮನೇಲೇ ಬೇಕಾದಷ್ಟು ಬಿದ್ದದೆ," ಎಂದು ಕುಸುಮ ಬುತ್ತಿಯ ಗಂಟು ಕಟ್ಟಿದಳು.

ಮಾರನೆಯ ಬೆಳಿಗ್ಗೆ ತಾನೇ ಗಂಟಲು ಸರಿಮಾಡಿಕೊಂಡು ಕೂತಳು. ಇನ್ನು ನನ್ನ ರಾಜ್ಯ ನನಗೆ ಅಂದುಕೊಂಡಳು. "ಕೇಳ್ರವ್ವಾ, ದೊರೆ ಮೆಟ್ಲಿಳ್ದು ಬಂದ..."

"ಬ್ಯಾಡ ಬುಡಕ್ಕಾ," ಎಂದಳು ಸೌಮ್ಯ. "ನನ್ ಮಗೀಗೆ ರಾತ್ರಿಯಿಂದ ಜ್ವರ. ನಾನೇ ಒಂದಿನ ಊಂ ಅಂದ್ಬುಟ್ಟಿದ್ದೆ. ನಿನ್ ಮಾತೋ ಅವನ್ ಮಾತೋ, ಆ ಮುಂಡೇದರ ಸವಾಸವೇ ಬ್ಯಾಡ."

ಕುಸುಮ ಆದರೂ ಹೇಳಿದಳು. ಕಾಯಿಸಿದಳು, ನಿಲ್ಲಿಸಿದಳು, ದನಿ ಇಳಿಸಿದಳು, ಏರಿಸಿದಳು. ಒಬ್ಬರೂ ಹೂಂ ಅನ್ನಲಿಲ್ಲ. ಮಾದಸ್ವಾಮಿ ಕನ್ನಡಿಯಲ್ಲಿ ನೋಡಿ, ಪಾಪ ಅನ್ನಿಸಿತೋ ಏನೋ, ಹಾಡು ಹಾಕಿದ. ಸೌಂಡು ಜಾಸ್ತಿ ಮಾಡಿದ. ಕುಸುಮನಿಗೆ ಗಂಡನ ಟಿವಿ ನೆನಪಾಯಿತು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಉಂಡಳು.

ಹಾಗೇ ಒಂದಷ್ಟು ದಿನ ವ್ಯಾನು ಬರೀ ಹಾಡು ಕೇಳಿಕೊಂಡು ಓಡಾಡಿತು. ಹೆಂಗಸರು ಕಿಟಕಿಗೆ ತಲೆ ಆನಿಸಿ ತೂಕಡಿಸಿದರು. ಪ್ರೀತಿಯೋ ರಕ್ತವೋ ಅನ್ನುವ ಜಗಳವಿಲ್ಲದೆ ಊಟದ ಹೊತ್ತೂ ಸಪ್ಪೆಯಾಯಿತು. ರಮ್ಯ ಒಬ್ಬಳೇ ಮೂಲೆಯಲ್ಲಿ ಮೊಬೈಲು ಹಿಡಿದು ಓದಿಕೊಳ್ಳುತ್ತಿದ್ದಳು. ಕಥೆಯ ಕೊನೆಯ ಕಂತು ಈ ಗುರುವಾರ ಅಂತ ಇಬ್ಬರಿಗೂ ಗೊತ್ತಿತ್ತು.

ಆ ಗುರುವಾರವೇ ದೊಡ್ಡಬಸಮ್ಮ ಕಾಮಗೆರೆಯಲ್ಲಿ ಹತ್ತಿದಳು. ಮರಿಮಗ ಹುಟ್ಟಿದ್ದಕ್ಕೆ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಕೂತು ನೋಡುತ್ತಾಳೆ, ಹಾಡು. "ಅದನ್ನಾರ್ಸ್ಲಾ ಮಾದಸ್ವಾಮಿ. ಕಥೆ ಎಲ್ಲಿಗ್ ಬಂತು?"

ದೆವ್ವ, ಓಗೊಡುವುದು, ಮಗುವಿನ ಜ್ವರ ಎಲ್ಲವನ್ನೂ ಪುಷ್ಪ ಹೇಳಿದಳು. "ಯಾರಂದೋರು?" ಎಂದು ಮುದುಕಿ ಕೇಳಿದಾಗ ಯಾರೂ ಹೆಸರು ಹೇಳಲಿಲ್ಲ, ಎಲ್ಲರೂ ಕುಸುಮನ ಕಡೆ ನೋಡಿದರು. ಮಧುವನಹಳ್ಳಿಯಲ್ಲಿ ಹತ್ತಿ ಆಗತಾನೆ ಕೂತ ರಮ್ಯಳೂ ನೋಡಿದಳು. ಈಗ ಅವಳಿಗೆ ಅರ್ಥವಾಯಿತು. ಕುಸುಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ದೊಡ್ಡಬಸಮ್ಮ ಬೈಯಲಿಲ್ಲ. "ಮಗೀಗೆ ಈಗೆಂಗದೆ?" ಎಂದು ಸೌಮ್ಯಳನ್ನು ಕೇಳಿದಳು. ಆವತ್ತೇ ಇಳಿಯಿತು, ಶೀತದ ಜ್ವರ ಎಂದಳು ಸೌಮ್ಯ. "ಸರಿ ಬುಡು. ಕಥೆ ಏಳು ಮಗಾ," ಎಂದು ರಮ್ಯಳ ಕಡೆ ತಿರುಗಿದಳು ಮುದುಕಿ. "ಬಾಣಂತಿ ಮನೇಲಿ ಕೂಗಿ ಕೂಗಿ ನನ್ ಗಂಟ್ಲು ಕಟ್ಬುಟ್ಟದೆ. ಇವತ್ತು ಊಂ ಅನ್ನೋಳು ಕುಸುಮ. ಓಗೊಡಬ್ಯಾಡಿ ಅಂದೋಳೇ ಓಗೊಡ್ಲಿ, ಎಲ್ರ ಭಯಾನೂ ಓಯ್ತದೆ."

ಬೇರೆ ಯಾವ ಶಿಕ್ಷೆ ಕೊಟ್ಟಿದ್ದರೂ ಕುಸುಮ ಅನುಭವಿಸುತ್ತಿದ್ದಳು. ರಮ್ಯಳಿಗೆ ಹೂಂ! ಅವಳಿಗೆ ತಾನು ಹೂಂ! ಆದರೆ ಅನ್ನದಿದ್ದರೆ ಆ ವ್ಯಾನಿನಲ್ಲಿ ಇನ್ನು ಮುಂದೆ ಯಾವ ಕಥೆಯೂ ಏಳುವುದಿಲ್ಲ, ತನ್ನದೂ ಏಳುವುದಿಲ್ಲ. ಎದ್ದು ಹೋಗಿ ರಮ್ಯಳ ಪಕ್ಕ ಕೂತಳು.

ರಮ್ಯ ಶುರುಮಾಡಿದಳು. "ದೊರೆ ಹಿಮದ ಮೇಲೆ ಬಿದ್ದವ್ನೆ."

"...ಊಂ," ಎಂದಳು ಕುಸುಮ. ಹರಳೆಣ್ಣೆ ಕುಡಿದ ಹಾಗಿತ್ತು.

"ತಿಂಗಳಾಯ್ತು ಏನೂ ಕುಡೀದೆ. ಅವ್ಳ ಊರೋರ್ನ ಮುಟ್ಟಲ್ಲ ಅಂತ ಮಾತ್ ಕೊಟ್ಟವ್ನಲ್ಲ, ಅದ್ಕೆ."

"ಊಂ."

"ಐರಿನಾ ಕಂದೀಲು ಇಡ್ಕಂಡ್ ಬಂದ್ಲು. ಮಂಡಿಯೂರಿದ್ಲು. ಅಂಗಿ ತೋಳ್ ಮೇಲ್ ಮಾಡಿ, ಅವನ್ ಬಾಯ್ ಹತ್ರ ಕೈ ಇಟ್ಲು. ಕುಡಿ, ಅಂದ್ಲು."

"ಊಂ, ಆಮ್ಯಾಕೆ?" ಇದು ಕುಸುಮನ ಬಾಯಿಂದ ತಾನಾಗಿಯೇ ಬಂತು. ಹುಡುಗಿ ಕಾಯಿಸುವುದನ್ನು ಕಲಿತಿದ್ದಳು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸುತ್ತಿದ್ದಳು. ಯಾರಿಂದ ಕಲಿತಳು ಅಂತ ಕುಸುಮನಿಗೆ ಗೊತ್ತಾಗದೆ ಇರುತ್ತದೆಯೇ? ವ್ಯಾನಿಗೆ ವ್ಯಾನೇ ಉಸಿರು ಹಿಡಿದಿತ್ತು.

"ದೊರೆ ಕಣ್ ಬಿಟ್ಟ. ಅವ್ಳ ಕೈ ನೋಡ್ದ. ಮುಖ ನೋಡ್ದ. ಆಮೇಲೆ ಅವನ್ ಭಾಷೇಲಿ ಎರಡೇ ಎರಡು ಮಾತಂದ." ರಮ್ಯ ನಿಲ್ಲಿಸಿದಳು. ಕಾಯಿಸಿದಳು. "ಉಂಡ್ಯಾ, ಅಂದ."

ಪುಷ್ಪ ಅಳುತ್ತ ಚಪ್ಪಾಳೆ ತಟ್ಟಿದಳು. "ಅಂದ್ನಾ! ಅಂದ್ನಲ್ಲಪ್ಪಾ ಕಡೀಗೂ!" ಸೌಮ್ಯ ಸೋತೆ ಎಂದು ಕೈ ಎತ್ತಿದಳು, ಅವಳ ಕಣ್ಣೂ ಒದ್ದೆ.

ಕುಸುಮ ಬಗ್ಗಿ ಮೊಬೈಲು ನೋಡಿದಳು. ಹಿಮ, ಕಂದೀಲು, ದೊರೆಯ ಒಣಗಿದ ತುಟಿ, ತುಟಿಯ ಪಕ್ಕ ಎರಡು ಪದ. ಎಹೆಸ್ ವಾಗ್ಯೋಕ್. ಯಾವ ಭಾಷೆ ಮರೆತರೂ ಆ ಎರಡು ಪದ ಅವಳು ಮರೆಯುವಂತಿರಲಿಲ್ಲ. ಇಡೀ ವ್ಯಾನು ಅವಳನ್ನು ನೋಡಿ ನಕ್ಕದ್ದು ಅದಕ್ಕೇ ಅಲ್ಲವೇ? ನಂಗೆ ಹಸಿವು. ದೊರೆ ಕೊನೆಗೂ ಅಂದದ್ದು ಅಷ್ಟೇ. ನಿಜ ಹೇಳುವ ಹುಡುಗಿ ಸುಳ್ಳು ಹೇಳಿದ್ದಳು.

ಕದ್ದಳು! ನನ್ನ ಮಾತು ಕದ್ದಳು, ಕದ್ದು ನನಗಿಂತ ಚೆನ್ನಾಗಿ ಹೇಳಿದಳು! ಕುಸುಮನ ಮೈಯೆಲ್ಲ ಧಗ್ಗೆಂದಿತು. ಒಂದೇ ಮಾತು ಸಾಕಿತ್ತು: ಸುಳ್ಳು ಕಣ್ರೇ, ನೋಡಿ ಬನ್ನಿ. ಅವತ್ತಿನ ನಗೆಯನ್ನೆಲ್ಲ ಬಡ್ಡಿ ಸಮೇತ ಹಿಂದಿರುಗಿಸಬಹುದಿತ್ತು. ರಮ್ಯ ಪರದೆಯನ್ನು ಮುಚ್ಚಲಿಲ್ಲ. ಮೊಬೈಲು ಹಾಗೇ ಹಿಡಿದುಕೊಂಡು ಕುಸುಮನ ಮುಖವನ್ನೇ ನೋಡುತ್ತಿದ್ದಳು.

"ಊಂ ಅನ್ನವ್ವಾ," ಎಂದಳು ದೊಡ್ಡಬಸಮ್ಮ ಹಿಂದಿನಿಂದ. "ಕಥೆ ನಿಂತೋಯ್ತದೆ."

ಕೊಳ್ಳೇಗಾಲದ ತಿರುವಿನಲ್ಲಿ ವ್ಯಾನು ವಾಲಿತು. ಇಬ್ಬರ ಭುಜಕ್ಕೆ ಭುಜ ತಾಗಿತು. ಹೊಟ್ಟೆ ಇನ್ನೂ ಉರಿಯುತ್ತಲೇ ಇತ್ತು.

"ಊಂ," ಎಂದಳು ಕುಸುಮ, ಎಲ್ಲರಿಗೂ ಕೇಳುವ ಹಾಗೆ. "ಉಂಡ್ಯಾ ಅಂದ. ಅದ್ಕವ್ಳು ಏನಂದ್ಲು? ಏಳು ಮತ್ತೆ."